ನಮ್ಮ ಲೇಔಟಿನ ಅಣಬೆಗಳು: ಫೋಟೊ ಹಾಕುವಾಗ ಬುಡ ಸಮೇತ ಹಾಕಿ

ಬರೆಯಂಚಿನ ಮನೆ, ಮಡಿಕೇರಿ

ಮಡಿಕೇರಿ ಹೊರವಲಯದ ಲೇಔಟಿನಲ್ಲಿ ನಮ್ಮ ಮನೆ. ಮೊದಲು ಕಾಫಿ ತೋಟವಾಗಿದ್ದ ಜಾಗ. ಮಳೆ ಹಿಡಿದ ಮೇಲೆ ರಸ್ತೆ ಬದಿ, ಬೇಲಿ ಸಾಲು, ಖಾಲಿ ಸೈಟು, ಎಲ್ಲಿ ನೋಡಿದರೂ ಅಣಬೆ. ಈ ವಾರ ಕಂಡ ಮೂರರ ಫೋಟೊ ಹಾಕಿದ್ದೇನೆ.

ಮೊದಲನೆಯದು ಗೇಟಿನ ಪಕ್ಕದಲ್ಲಿ. ಉಗುರಿನಷ್ಟು ಅಗಲದ ಬೂದು ಕೊಡೆಗಳು, ನೂರಾರು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಎರಡನೆಯದು ಎದುರು ಮನೆಯ ಲಾನ್‌ನಲ್ಲಿ. ಅಂಗೈಗಿಂತ ದೊಡ್ಡದು, ಬಿಳಿ, ಮೇಲೆ ಕಂದು ಚಕ್ಕೆ. ಮೂರನೆಯದು ಖಾಲಿ ಸೈಟಿನ ಒಣ ದಿಮ್ಮಿ ಮೇಲೆ, ಕಿತ್ತಳೆ ಕೆಂಪು ಬಣ್ಣ, ತೊಗಲಿನಷ್ಟು ಗಟ್ಟಿ.

ಎದುರು ಮನೆಯವರು ಎರಡನೆಯದನ್ನು ಕುಮ್ಮು (ಕೊಡಗಿನವರು ತಿನ್ನುವ ಅಣಬೆ) ಅಂತ ಹೇಳಿ ಸಂಜೆ ಕರಿ ಮಾಡಲು ರೆಡಿ ಆಗಿದ್ದಾರೆ. ಸದ್ಯಕ್ಕೆ ತಡೆದಿದ್ದೇನೆ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ಒಂದಕ್ಕೆ ಕೇಳಿದರೆ ಪ್ರತಿ ಸಲ ಬೇರೆ ಹೆಸರು ಬರುತ್ತದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹುತ್ತದ ಹುಳ, ಗೋಣಿಕೊಪ್ಪ

ಮೊದಲು ಎದುರು ಮನೆಯವರಿಗೆ ಒಲೆ ಆರಿಸಲು ಹೇಳಿ. ಆಮೇಲೆ ಮಾತಾಡೋಣ.

ನಿಮ್ಮ ಮೂರು ಫೋಟೊಗಳೂ ಮೇಲಿನಿಂದ ತೆಗೆದವು. ಕೊಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಎಲ್ಲರೂ ಮಾಡುವುದು ಇದನ್ನೇ. ಆದರೆ ಅಣಬೆಯಲ್ಲಿ ಕೊಡೆಯಷ್ಟು ಮೋಸ ಮಾಡುವ ಭಾಗ ಇನ್ನೊಂದಿಲ್ಲ. ಎರಡು ದಿನ ಮಳೆ ಬಿದ್ದರೆ ಬಣ್ಣ ತೊಳೆದು ಹೋಗುತ್ತದೆ, ಚಕ್ಕೆ ಉದುರುತ್ತದೆ, ಬೆಳಿಗ್ಗೆ ಗುಂಡಗಿದ್ದದ್ದು ಸಂಜೆಗೆ ಚಪ್ಪಟೆ. ಹೆಸರು ಹುಡುಕುವ ಮೊದಲು ಅದು ಯಾವುದರ ಮೇಲೆ ಎದ್ದಿದೆ ಅಂತ ನೋಡಿ. ಮಣ್ಣೋ, ಮರವೋ, ಸಗಣಿಯೋ, ಹುತ್ತವೋ, ಬದುಕಿರುವ ಮರದ ಬೇರೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ಗೇಟಿನ ಪಕ್ಕದ ಪುಟ್ಟವು ಮಣ್ಣಿನಲ್ಲಿ ಎದ್ದ ಹಾಗೆ ಕಾಣುತ್ತವೆ, ಅಲ್ವಾ? ಅಲ್ಲಿ ಒಂದು ಗೇಣು ಕೆದಕಿ ನೋಡಿ. ಹಳೆಯ ಕುತ್ತಿ, ಅಂದರೆ ಕಡಿದ ಮರದ ಬುಡ, ಇರಬೇಕು. ತೋಟವನ್ನು ಸೈಟು ಮಾಡುವಾಗ ಸಿಲ್ವರ್ ಓಕ್, ಹಾಲವಾಣ ಎಲ್ಲ ಕಡಿದು, ಬುಡದ ಮೇಲೆ ಜೆಸಿಬಿಯಿಂದ ಮಣ್ಣು ಎಳೆದುಬಿಡುತ್ತಾರೆ. ಕುತ್ತಿ ಕೆಳಗೆ ಕೊಳೆಯುತ್ತಾ ಇರುತ್ತದೆ. ಅದನ್ನು ತಿನ್ನುವ ಶಿಲೀಂಧ್ರ ಪ್ರತಿ ಮಳೆಗಾಲ ಮೇಲೆ ಕೊಡೆ ಬಿಡುತ್ತದೆ. ಬೂದು ಬಣ್ಣ, ಕೊಡೆಯ ಮೇಲೆ ನೆರಿಗೆ, ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗೆ, ಇಷ್ಟೂ ಇದ್ದರೆ ಕೊಪ್ರಿನೆಲ್ಲಸ್ ಡಿಸೆಮಿನೇಟಸ್ ಇರಬಹುದು. ಮಸಿ ಅಣಬೆಗಳ ಸಂಬಂಧಿ. ಯಾರಿಗೂ ತೊಂದರೆ ಇಲ್ಲ, ಬಾಣಲೆಗೆ ಹಾಕುವಷ್ಟು ತಿರುಳೂ ಇಲ್ಲ.

ದಿಮ್ಮಿಯ ಮೇಲಿನ ಕಿತ್ತಳೆ ಕೆಂಪು ಪಿಕ್ನೊಪೊರಸ್ ಸ್ಯಾಂಗ್ವಿನಿಯಸ್ ಇರಬಹುದು. ಬಿಸಿಲು ಬೀಳುವ ಒಣ ಮರದ ಮೇಲೆ ನಮ್ಮ ಕಡೆ ತುಂಬಾ ಸಾಮಾನ್ಯ. ತಿರುಗಿಸಿ ನೋಡಿ. ಅಡಿಯಲ್ಲಿ ಕೊಡೆ ಅಣಬೆಗಿರುವ ಹಾಳೆಯಂಥ ಗೆರೆ ಇರುವುದಿಲ್ಲ, ಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತುಗಳು ತುಂಬಿರುತ್ತವೆ.

ಎರಡನೆಯದರ ಬಗ್ಗೆ ಬುಡ ನೋಡದೆ ಏನೂ ಹೇಳುವುದಿಲ್ಲ.

ಕುಶಾಲನಗರ ಕ್ರಾಸ್

ನಾನು ಹೇಳುತ್ತೇನೆ. ನಮ್ಮ ಕಾಲೊನಿಯ ಪಾರ್ಕಿನಲ್ಲಿ ಇದೇ ಜಾತಿ ವರ್ಷ ವರ್ಷ ಬರುತ್ತದೆ. ಇಲ್ಲಿ ಮಡಿಕೇರಿಗಿಂತ ಮಳೆ ತುಂಬಾ ಕಡಿಮೆ. ಆದರೂ ನೀರು ಬಿಡುವ ಹುಲ್ಲುಹಾಸು ಇದ್ದರೆ ಸಾಕು, ಜೋರು ಮಳೆಯ ಮರುದಿನ ಬಿಳಿ ಉಂಡೆಗಳು ಎದ್ದಿರುತ್ತವೆ. ಒಂದೆರಡು ದಿನದಲ್ಲಿ ಅಗಲ ಕೊಡೆ. ಕೆಲವೊಮ್ಮೆ ದೊಡ್ಡ ವೃತ್ತದಲ್ಲಿ ಸಾಲಾಗಿ ನಿಲ್ಲುತ್ತವೆ. ಮಣ್ಣೊಳಗಿನ ಬಿಳಿ ಎಳೆಗಳ ಜಾಲ ನಡುವಿನಿಂದ ಸುತ್ತಲೂ ಹರಡುತ್ತಾ ಹೋಗಿ ಅಂಚಿನಲ್ಲಿ ಅಣಬೆ ಬಿಡುವುದರಿಂದ ಈ ವೃತ್ತ.

ಇದರ ಹೆಸರು ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ವಿಷದ್ದು. ಎಳೆಯದರಲ್ಲಿ ಅಡಿಯ ಗೆರೆಗಳು ಅಚ್ಚ ಬಿಳಿ. ಆಗ ನೋಡಿದವರಿಗೆ ಒಳ್ಳೆಯ ಅಣಬೆ ಅನ್ನಿಸುವುದು ಸಹಜ. ಬಲಿತ ಮೇಲೆ ಗೆರೆಗಳಿಗೆ ಬೂದು ಹಸಿರು ಬರುತ್ತದೆ. ದಂಟಿನ ಮೇಲೆ ಒಂದು ಉಂಗುರ ಇರುತ್ತದೆ, ಬೆರಳಿನಿಂದ ಮೆಲ್ಲಗೆ ಸರಿಸಿದರೆ ಮೇಲೆ ಕೆಳಗೆ ಜಾರುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಪುಡಿಯ (ಅಣಬೆ ಬೀಜದ ಹಾಗೆ ಉದುರಿಸುವ ಕಣಗಳ) ಅಚ್ಚು ತೆಗೆಯಿರಿ. ದಂಟನ್ನು ಕೊಡೆಯ ಬುಡಕ್ಕೆ ಸರಿಯಾಗಿ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಗೆರೆಗಳು ಕೆಳಗಾಗುವಂತೆ ಕೊಡೆ ಇಡಿ. ಮೇಲೆ ಒಂದು ಹನಿ ನೀರು, ಅದರ ಮೇಲೆ ಗಾಳಿ ಆಡದಂತೆ ಬಟ್ಟಲು ಮುಚ್ಚಿ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯಿರಿ. ಒಂದೊಂದು ಗೆರೆಯಿಂದ ಉದುರಿದ ಪುಡಿ ಕಾಗದದ ಮೇಲೆ ಗೆರೆಗೆರೆಯಾಗಿ ಕೂತಿರುತ್ತದೆ. ಬಿಳಿ ಪುಡಿ ಕಪ್ಪು ಕಡೆ ಕಾಣುತ್ತದೆ, ಬಣ್ಣದ ಪುಡಿ ಬಿಳಿ ಕಡೆ. ಈ ಜಾತಿಯದಾದರೆ ಮಂಕು ಹಸಿರು. ಅಣಬೆಗಳಲ್ಲಿ ಹಸಿರು ಪುಡಿ ಬಿಡುವವು ಬಹಳ ಅಪರೂಪ. ಲಾನ್ ಮೇಲಿನ ದೊಡ್ಡ ಬಿಳಿ ಅಣಬೆಯ ಅಚ್ಚು ಹಸಿರು ಬಂತು ಅಂದರೆ ಬೇರೆ ಮಾತೇ ಬೇಡ.

ತೋಟದ ಸೊಸೆ, ವಿರಾಜಪೇಟೆ

ಲಾನ್‌ನಲ್ಲಿ ಎದ್ದದ್ದನ್ನು ಕುಮ್ಮು ಅಂತ ಕರೆದವರಿಗೆ ನಮ್ಮತ್ತೆ ಎದುರು ನಿಲ್ಲುವ ಧೈರ್ಯ ಇದೆಯಾ ಕೇಳಿ.

ನಮ್ಮ ಮನೆಯಲ್ಲಿ ತಿನ್ನುವುದು ಹುತ್ತದ ಅಣಬೆ ಮಾತ್ರ. ಅತ್ತೆ ಕೊಡೆ ನೋಡುವುದೇ ಇಲ್ಲ. ಕತ್ತಿಯ ತುದಿಯಿಂದ ದಂಟಿನ ಸುತ್ತ ಮಣ್ಣು ಸರಿಸುತ್ತಾರೆ. ದಂಟು ನೆಲದೊಳಗೆ ಬೇರಾಗಿ ಇಳಿಯುತ್ತಾ ಹೋಗುತ್ತದೆ, ಕೆಳಗೆ ಹೋದಷ್ಟೂ ಸಪೂರ. ಒಮ್ಮೊಮ್ಮೆ ಮೊಣಕೈವರೆಗೆ ಕೈ ಹಾಕಬೇಕು. ತುದಿಯಲ್ಲಿ ಗೆದ್ದಲು ಗೂಡು ಮುಟ್ಟುತ್ತದೆ. ಬೇರು ಅರ್ಧದಲ್ಲಿ ತುಂಡಾದರೆ, ಎಲ್ಲಿಂದ ಬಂತು ಅಂತ ಗೊತ್ತಾಗದಿದ್ದರೆ, ಅದು ಬುಟ್ಟಿಗೆ ಬರುವುದಿಲ್ಲ. ಎಷ್ಟೇ ಚಂದ ಇದ್ದರೂ.

ಕೊಡೆಯ ನೆತ್ತಿಯಲ್ಲಿ ಒಂದು ಚೂಪು ಮೊನೆ ಇರುತ್ತದೆ. ಗಟ್ಟಿ ಮಣ್ಣು ಸೀಳಿ ಮೇಲೆ ಬರಲು ಅದು ಬೇಕು. ಕೊಡೆ ಅಗಲವಾದ ಮೇಲೂ ಮೊನೆ ಉಳಿದಿರುತ್ತದೆ.

ಗುಡುಗು ಮಳೆ ಬಿದ್ದ ಮೇಲೆ ಶುರು. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಸೊಪ್ಪು, ಕಣಿಲೆ (ಎಳೆ ಬಿದಿರು), ಏಡಿ ಜೊತೆ ಇದೂ ಒಂದು. ಅಕ್ಕಿ ರೊಟ್ಟಿ ಜೊತೆ ಕುಮ್ಮು ಕರಿ ತಿಂದವರಿಗೆ ಅಂಗಡಿಯ ಬಟನ್ ಅಣಬೆ ಸಪ್ಪೆ ಅನ್ನಿಸಿದರೆ ತಪ್ಪಿಲ್ಲ.

ಹುತ್ತದ ಹುಳ, ಗೋಣಿಕೊಪ್ಪ

ನಿಮ್ಮತ್ತೆ ಮಾಡುವುದೇ ಸರಿಯಾದ ವಿಧಾನ. ಪುಸ್ತಕದಲ್ಲೂ ಅದನ್ನೇ ಬರೆದಿರುತ್ತಾರೆ. ಈ ಕುಲದ ಹೆಸರು ಟರ್ಮಿಟೊಮೈಸಿಸ್. ಫ್ರಾನ್ಸಿನ ರೋಜೆ ಐಮ್ 1942ರಲ್ಲಿ ಇಟ್ಟ ಹೆಸರು. ಗೆದ್ದಲು ಹುಳ ಒಣ ಎಲೆ, ಕಡ್ಡಿ ಅಗಿದು ತಂದು ಗೂಡಿನೊಳಗೆ ಒಂದು ಹಾಸು ಕಟ್ಟುತ್ತದೆ. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಮರದ ನಾರನ್ನು ಕರಗಿಸುವ ಕೆಲಸ ಶಿಲೀಂಧ್ರದ್ದು, ತಿನ್ನುವುದು ಗೆದ್ದಲು. ಗೆದ್ದಲಿಲ್ಲದೆ ಇದು ಬದುಕುವುದಿಲ್ಲ. ಅದಕ್ಕೇ ಬಟನ್ ಅಣಬೆ, ಚಿಪ್ಪು ಅಣಬೆ ಹಾಗೆ ಇದನ್ನು ಶೆಡ್‌ನಲ್ಲಿ ಬೆಳೆಸಿ ಮಾರಲು ಆಗಿಲ್ಲ.

ಒಂದು ಸೇರಿಸುತ್ತೇನೆ. ಇದೇ ಕುಲದಲ್ಲಿ ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಅಂತ ಪುಟ್ಟ ಜಾತಿ ಇದೆ. ಕೊಡೆ ಒಂದೆರಡು ಸೆಂಟಿಮೀಟರ್ ಅಷ್ಟೆ, ನೂರಾರು ಒಟ್ಟಿಗೆ ಏಳುತ್ತವೆ. ಗೆದ್ದಲು ಗೂಡಿನ ಹಾಸನ್ನು ಹೊರಗೆ ತಂದು ಚೆಲ್ಲಿದ ಕಡೆ ಬರುವುದರಿಂದ ಅದಕ್ಕೆ ಉದ್ದ ಬೇರು ಇರುವುದಿಲ್ಲ. ಬೇರು ಹುಡುಕುವ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಗುಂಪಾಗಿ ಎದ್ದ ಪುಟ್ಟ ಬಿಳಿ ಅಣಬೆಗಳಲ್ಲಿ ಹೊಸಬರು ಕೈ ಹಾಕಬಾರದು ಅನ್ನುವುದು ಇದಕ್ಕೇ.

ಹುತ್ತದ ಅಣಬೆಯ ಪುಡಿ ತೆಳು ಗುಲಾಬಿ. ಲಾನ್‌ನದ್ದು ಹಸಿರು. ಕೊಲ್ಲುವ ವಿಷದ ಜಾತಿಗಳಿರುವ ಅಮಾನಿಟಾ ಕುಲದ್ದು ಬಿಳಿ. ಮೂರೂ ಮೇಲಿನಿಂದ ನೋಡಿದರೆ ಬಿಳಿ ಕೊಡೆಯೇ.

ಸುಮ್ನೆ ಓದುವವ

ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಅರಿಶಿನ ಹಾಕಿ ಕುದಿಸುತ್ತಿದ್ದರು. ಬಣ್ಣ ತಿರುಗದಿದ್ದರೆ ತಿನ್ನಬಹುದು. ಹುಳ ಕಡಿದ ಅಣಬೆ ಆದರೆ ಇನ್ನೂ ಒಳ್ಳೆಯದು. ಯಾರಿಗೂ ಏನೂ ಆಗಿಲ್ಲ.

ನೈಟ್ ಡ್ಯೂಟಿ

ಯಾರಿಗೂ ಏನೂ ಆಗಲಿಲ್ಲ ಯಾಕೆ ಅಂದರೆ ಅಜ್ಜಿಗೆ ಅಣಬೆ ಗೊತ್ತಿತ್ತು. ಅರಿಶಿನಕ್ಕೆ ಗೊತ್ತಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಅರಿಶಿನ, ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಅಕ್ಕಿ ಕಾಳು, ಇವು ಯಾವುವೂ ಅಣಬೆಯ ವಿಷವನ್ನು ತೋರಿಸುವುದಿಲ್ಲ. ಗೊಂಡೆಹುಳ ಅಮಾನಿಟಾವನ್ನೂ ತಿಂದು ಆರಾಮಾಗಿರುತ್ತದೆ. ಅದರ ಹೊಟ್ಟೆ ಬೇರೆ, ನಮ್ಮದು ಬೇರೆ. ಅಮಾಟಾಕ್ಸಿನ್ ಅನ್ನುವ ವಿಷ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಒಣಗಿಸಿದರೂ ಇರುತ್ತದೆ. ನೀರು ಚೆಲ್ಲಿದರೆ ಸಾಕು ಅನ್ನುವುದೂ ಸುಳ್ಳು.

ಎರಡು ತರಹದ ಕೇಸು ಇರುತ್ತವೆ. ಲಾನ್‌ನ ಹಸಿರು ಪುಡಿಯ ಅಣಬೆ ತಿಂದವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಮೈಯ ನೀರೆಲ್ಲ ಹೋಗುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಡ್ರಿಪ್ ಬೇಕಾಗುತ್ತದೆ. ಸಮಯಕ್ಕೆ ಬಂದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಎರಡನೆಯದು, ಅಮಾಟಾಕ್ಸಿನ್ ಇರುವ ಅಣಬೆಯದು, ಹೆದರಬೇಕಾದದ್ದು. ತಿಂದು ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ರಾತ್ರಿ ಊಟದಲ್ಲಿ ತಿಂದರೆ ಬೆಳಗಿನ ಜಾವ ವಾಂತಿ ಭೇದಿ ಶುರು. ಒಂದು ದಿನ ಕಳೆಯುವಷ್ಟರಲ್ಲಿ ಅದು ನಿಲ್ಲುತ್ತದೆ. ಮನೆಯವರು ವಾಸಿ ಆಯಿತು ಅಂತ ಅಂದುಕೊಳ್ಳುತ್ತಾರೆ, ಗಂಜಿ ಕುಡಿಸಿ ಮಲಗಿಸುತ್ತಾರೆ. ಒಳಗೆ ಲಿವರ್ ಹಾಳಾಗುತ್ತಾ ಇರುತ್ತದೆ. ಮೂರನೇ ನಾಲ್ಕನೇ ದಿನ ಕಣ್ಣು ಹಳದಿ ಆಗಿ ಬಂದಾಗ ಕೈಯಲ್ಲಿ ಹೆಚ್ಚಿನ ದಾರಿ ಉಳಿದಿರುವುದಿಲ್ಲ. ತಡವಾಗಿ ಶುರುವಾದ ವಾಂತಿ ಅಂದರೆ ಕಡಿಮೆ ವಿಷ ಅಂತ ಅರ್ಥ ಅಲ್ಲ. ಉಲ್ಟಾ.

ಹಾಗಾಗಿ ಅಣಬೆ ತಿಂದ ಮೇಲೆ ಹೊಟ್ಟೆ ಕೆಟ್ಟರೆ 108ಕ್ಕೆ ಫೋನ್ ಮಾಡಿ ಹೊರಡಿ. ಉಳಿದ ಅಣಬೆ, ಸಿಪ್ಪೆ, ಬೇಯಿಸಿದ ಕರಿ, ಏನಿದ್ದರೂ ಕಾಗದದಲ್ಲಿ ಸುತ್ತಿ ತನ್ನಿ. ಎಷ್ಟು ಗಂಟೆಗೆ ತಿಂದದ್ದು, ಯಾರ್ಯಾರು ತಿಂದರು, ವಾಂತಿ ಎಷ್ಟು ಗಂಟೆಗೆ ಶುರುವಾಯಿತು, ಇವು ಮೂರೂ ಹೇಳಿ. ಜೊತೆಗೆ ತಿಂದು ಇನ್ನೂ ಆರಾಮಾಗಿರುವವರನ್ನೂ ಕರೆದುಕೊಂಡು ಬನ್ನಿ.

ಸುಮ್ನೆ ಓದುವವ

ಅಜ್ಜಿ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೆ ಎಲ್ಲರನ್ನೂ ಹೀಗೆ ಹೆದರಿಸಿದರೆ ಮುಂದಿನ ತಲೆಮಾರಿಗೆ ಒಂದು ಅಣಬೆಯೂ ಗೊತ್ತಿರುವುದಿಲ್ಲ. ಅದೂ ನಷ್ಟವೇ ಅಲ್ವಾ?

ಲೈನ್‌ಮನೆ ರೈಟರ್, ಸಿದ್ದಾಪುರ

ನಷ್ಟವೇ. ಆದರೆ ಆ ತಿಳಿವಳಿಕೆ ಊರು ಬಿಟ್ಟು ಊರಿಗೆ ಬರುವುದಿಲ್ಲ. ಅದನ್ನೂ ಯೋಚಿಸಿ.

ಈಗ ತೋಟಗಳಲ್ಲಿ ಅಸ್ಸಾಂ ಕಡೆಯ ಕೆಲಸಗಾರರು ಜಾಸ್ತಿ. ಅವರಿಗೆ ಅಣಬೆ ಗೊತ್ತು, ನಮಗಿಂತ ಚೆನ್ನಾಗಿ ಗೊತ್ತು. ಸೀಳು ಗೆರೆಯ ಒಂದು ಪುಟ್ಟ ಬಿಳಿ ಅಣಬೆ ಇದೆಯಲ್ಲ, ಒಣ ಕೊಂಬೆಯ ಮೇಲೆ ಬೀಸಣಿಗೆ ಆಕಾರದಲ್ಲಿ ಬರುತ್ತದೆ, ಸ್ಕಿಜೊಫಿಲಮ್. ನಾವು ಅದನ್ನು ತಿರುಗಿಯೂ ನೋಡುವುದಿಲ್ಲ. ಮಣಿಪುರದಲ್ಲಿ ಮಾರುಕಟ್ಟೆಗೆ ಬರುತ್ತದೆ. ಅವರು ನೆಲದ ಮೇಲಿನ ಬಿಳಿ ಅಣಬೆ ನೋಡಿದಾಗ ಕಣ್ಣಿಗೆ ಕಾಣುವುದು ಅವರ ಊರಿನ ಅಣಬೆ. ಇಲ್ಲಿ ಎದ್ದಿರುವುದು ಇಲ್ಲಿಯದು.

ಊರಲ್ಲೇ ಇದ್ದವರಿಗೂ ತಪ್ಪುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು 13 ಮಂದಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದಿತ್ತು. ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು. ಅದನ್ನು ಓದಿದ ಮೇಲೆ ನಮ್ಮ ಲೈನ್‌ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲು ಮನೆ) ಒಂದು ಮಾತು ಹೇಳಿದ್ದೇವೆ. ಯಾರಿಗೆ ಏನು ಸಿಕ್ಕರೂ ಮೊದಲು ಇಲ್ಲಿಯೇ ಹುಟ್ಟಿ ಬೆಳೆದ ಕೆಲಸದ ಹೆಂಗಸರಿಗೆ ತೋರಿಸಬೇಕು. ಬೈಗುಳ ಬರುತ್ತದೆ, ಬರಲಿ.

ಜಿಗಣೆ ಪ್ರೂಫ್

ಫೋಟೊ ವಿಷಯಕ್ಕೆ ಬರೋಣ. ಇಲ್ಲಿ ಹಾಕುವ ಫೋಟೊಗಳಲ್ಲಿ ಮುಕ್ಕಾಲು ಭಾಗ ಚಂದ, ಉಪಯೋಗಕ್ಕೆ ಬಾರದವು. ಹಿಂದೆ ಮಸುಕು, ಮುಂದೆ ಮಳೆಹನಿ. ಗೋಡೆಗೆ ಹಾಕಬಹುದು, ಗುರುತಿಸಲು ಆಗುವುದಿಲ್ಲ.

ಒಂದು ಅಣಬೆಗೆ ಕನಿಷ್ಠ ನಾಲ್ಕು ಫೋಟೊ ಬೇಕು. ಅದು ಎದ್ದಿರುವ ಜಾಗ, ಸುತ್ತಲಿನ ಮರ ಸಮೇತ. ಮೇಲಿನಿಂದ ಕೊಡೆ. ಅಡಿಯಿಂದ ಗೆರೆಗಳು, ಅವು ದಂಟಿಗೆ ಅಂಟಿವೆಯೋ ಬಿಟ್ಟು ನಿಂತಿವೆಯೋ ಕಾಣುವ ಹಾಗೆ. ಆಮೇಲೆ ಬುಡ, ಮಣ್ಣಿನಿಂದ ಪೂರ್ತಿ ಎತ್ತಿದ ಮೇಲೆ. ಎಳೆದು ಕೀಳಬೇಡಿ. ಪಕ್ಕದಲ್ಲಿ ಚಾಕು ಇಳಿಸಿ ಮಣ್ಣು ಸಮೇತ ಎತ್ತಿ. ಅಮಾನಿಟಾದ ಬುಡದಲ್ಲಿ ಒಂದು ಚೀಲ ಇರುತ್ತದೆ, ಎಳೆದರೆ ಅದು ಮಣ್ಣಲ್ಲೇ ಉಳಿದುಬಿಡುತ್ತದೆ. ನೋಡಲೇಬೇಕಾದ ಗುರುತೇ ಮಾಯ.

ಅಳತೆಗೆ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಡಿ, 27 ಮಿಲಿಮೀಟರ್ ಅಗಲ ಇರುತ್ತದೆ. ಕೀಳಲು ಇಷ್ಟ ಇಲ್ಲದಿದ್ದರೆ ಸಣ್ಣ ಕನ್ನಡಿ ಅಡಿಗೆ ಹಿಡಿದರೂ ಗೆರೆ ಕಾಣುತ್ತದೆ. ಕೊಡೆ ಮುರಿದ ಜಾಗ ಬಣ್ಣ ತಿರುಗುತ್ತದೆಯೇ, ವಾಸನೆ ಏನು, ಇದನ್ನು ಬರೆದೇ ತಿಳಿಸಬೇಕು, ಫೋಟೊದಲ್ಲಿ ಬರುವುದಿಲ್ಲ.

ಜೀವಿಗಳ ಫೋಟೊ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್ ತಾಣಕ್ಕೂ ಹಾಕಿ. ಅಲ್ಲಿ ಆ್ಯಪ್ ಕೊಡುವ ಹೆಸರು ಬರೀ ಊಹೆ. ಆಮೇಲೆ ನೋಡಿದವರು ತಿದ್ದುತ್ತಾರೆ, ಅದೇ ಅದರ ಲಾಭ. ಎಷ್ಟೋ ಅಣಬೆಗಳಿಗೆ ಕುಲದ ಹೆಸರಿನವರೆಗೆ ಮಾತ್ರ ಹೋಗಲು ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಪುಡಿ ನೋಡದೆ ಮುಂದೆ ಹೋಗಲಾಗದು. ಬೇಸರ ಮಾಡಿಕೊಳ್ಳಬೇಡಿ.

ಇಬ್ಬರು ಮಕ್ಕಳಮ್ಮ, ಮಡಿಕೇರಿ

ಮಗ ಶಾಲೆಯಿಂದ ಬರುವಾಗ ಸಿಕ್ಕಿದ್ದನ್ನೆಲ್ಲ ಮುಟ್ಟುತ್ತಾನೆ. ಮುಟ್ಟಿದರೆ ವಿಷ ಏರುತ್ತದಾ?

ಇನ್ನೊಂದು. ಮನೆ ಹಿಂದೆ ಬಿದಿರಿನ ಹತ್ತಿರ ಸತ್ತ ಇಲಿ ವಾಸನೆ. ಹುಡುಕಿದರೆ ಇಲಿ ಇಲ್ಲ. ಬಿಳಿ ದಂಟು, ಮೇಲೆ ಕಂದು ಲೋಳೆ, ಅದರ ಕೆಳಗೆ ಬಿಳಿ ಬಲೆಯ ಲಂಗ ಇಳಿಬಿಟ್ಟಿದೆ! ನೊಣ ಮುತ್ತಿಕೊಂಡಿವೆ. ಮಧ್ಯಾಹ್ನದ ಹೊತ್ತಿಗೆ ಬಾಗಿ ಬಿದ್ದಿತ್ತು. ಇದೇನು ಮಾಟವಾ ಅಂತ ಪಕ್ಕದವರು ಕೇಳುತ್ತಿದ್ದಾರೆ.

ಹುತ್ತದ ಹುಳ, ಗೋಣಿಕೊಪ್ಪ

ಮುಟ್ಟಿದರೆ ಏನೂ ಆಗುವುದಿಲ್ಲ. ನುಂಗಿದರೆ ಮಾತ್ರ. ಕೈ ತೊಳೆಯಲು ಹೇಳಿ, ಮುಟ್ಟುವುದನ್ನು ನಿಲ್ಲಿಸಬೇಡಿ. ತೀರಾ ಚಿಕ್ಕ ಮಗು, ನಾಯಿಮರಿ ಇದ್ದರೆ ಮಾತ್ರ ಅಂಗಳದ್ದನ್ನು ಬೆಳಿಗ್ಗೆಯೇ ಕಿತ್ತು ಹಾಕಿ.

ಮಾಟ ಅಲ್ಲ, ಫ್ಯಾಲಸ್ ಇಂಡುಸಿಯಾಟಸ್ ಅನ್ನುವ ಅಣಬೆ. ನಿಮ್ಮ ಅಂಗಳಕ್ಕೆ ಬಂದದ್ದು ಅದೃಷ್ಟ, ಮೂಗು ಮುಚ್ಚಿಕೊಂಡು ನೋಡಿ. ಸಾಮಾನ್ಯ ಅಣಬೆ ಪುಡಿಯನ್ನು ಗಾಳಿಗೆ ಬಿಡುತ್ತದೆ. ಇದು ಪುಡಿಯನ್ನು ಲೋಳೆಯಲ್ಲಿ ಕಲಸಿ ನೊಣದ ಕಾಲಿಗೆ ಅಂಟಿಸಿ ಕಳಿಸುತ್ತದೆ. ಅದಕ್ಕೇ ಆ ನಾತ. ನೊಣ ಲೋಳೆ ಖಾಲಿ ಮಾಡಿದ ಮೇಲೆ ನಾತವೂ ಇಲ್ಲ. ಬೆಳಿಗ್ಗೆ ನೆಲದಲ್ಲಿ ಬಿಳಿ ಮೊಟ್ಟೆ ಕಂಡರೆ ಕಾಯಿರಿ. ಮೊಟ್ಟೆ ಒಡೆದು ದಂಟು ನಿಲ್ಲಲು ಕೆಲವೇ ಗಂಟೆ ಸಾಕು.

ಮೊಟ್ಟೆ ಅಂದಾಗ ನೆನಪಾಯಿತು. ನೆಲದ ಮೇಲೆ ಬಿಳಿ ಉಂಡೆ ಕಂಡರೆ ಉದ್ದಕ್ಕೆ ಎರಡು ಸೀಳು ಮಾಡಿ ನೋಡಿ. ಒಳಗೆ ಪೂರ್ತಿ ಒಂದೇ ಸಮ ಬಿಳಿ ಇದ್ದರೆ ಹೊಗೆ ಅಣಬೆಯ ಎಳೆಯದು. ಒಳಗೆ ಪುಟ್ಟ ಕೊಡೆ, ದಂಟಿನ ಆಕಾರ ಗೆರೆ ಎಳೆದ ಹಾಗೆ ಕಂಡರೆ ಅಮಾನಿಟಾದ ಮೊಗ್ಗು ಇರಬಹುದು. ಲೋಳೆ ಕಂಡರೆ ಈ ನಾತದ್ದು. ಅಕೇಶಿಯಾ ಮರದಡಿ ಸಿಗುವ ಗಟ್ಟಿ ಉಂಡೆಯ ಒಳಗೆ ನೇರಳೆ ಕಪ್ಪು ಇದ್ದರೆ ಸ್ಕ್ಲೆರೊಡರ್ಮ, ಅದೂ ತಿನ್ನುವಂಥದ್ದಲ್ಲ. ಕರಾವಳಿ ಕಡೆಯ ಕಲ್ಲಣಬೆ ಅಂತ ಅಂದುಕೊಂಡು ಮನೆಗೆ ಒಯ್ಯಬೇಡಿ.

ಮಗನಿಗೆ ಇನ್ನೊಂದು ಕೆಲಸ ಕೊಡಿ. ಹೂಕುಂಡದ ಕಡ್ಡಿ, ಹಳೆಯ ಹಲಗೆಯ ಮೇಲೆ ಒಂದು ಸೆಂಟಿಮೀಟರೂ ಇಲ್ಲದ ಬಟ್ಟಲು ಹುಡುಕಲಿ. ಒಳಗೆ ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ ಚಪ್ಪಟೆ ಕಾಳುಗಳಿರುತ್ತವೆ. ಸಯಾಥಸ್ ಅಂತ ಹೆಸರು. ಮಳೆಹನಿ ಬಟ್ಟಲಿಗೆ ಬಿದ್ದಾಗ ಕಾಳು ಚಿಮ್ಮಿ ಒಂದು ಮೀಟರ್ ದೂರದವರೆಗೂ ಹೋಗಬಲ್ಲದು. ಡ್ರಾಪರ್‌ನಲ್ಲಿ ನೀರು ಬಿಟ್ಟು ಮನೆಯಲ್ಲೇ ನೋಡಬಹುದು.

ಕುಶಾಲನಗರ ಕ್ರಾಸ್

ಲಾನ್ ಅಣಬೆ ಬರದಂತೆ ಮದ್ದು ಹೊಡೆಯಬೇಕು ಅಂತ ನಮ್ಮ ಸಂಘದಲ್ಲಿ ಪ್ರತಿ ವರ್ಷ ಮಾತು ಬರುತ್ತದೆ. ದುಡ್ಡು ದಂಡ. ಕಾಣುವುದು ಕೊಡೆ ಮಾತ್ರ, ಜಾಲ ಮಣ್ಣೊಳಗೆ ಇರುತ್ತದೆ. ಪುಡಿ ಬಿಡುವ ಮೊದಲು ಕಿತ್ತು ಹಾಕಿ, ಅಷ್ಟೇ.

ಬರೆಯಂಚಿನ ಮನೆ, ಮಡಿಕೇರಿ

ಅಚ್ಚು ಹಸಿರು ಬಂತು. ಎದುರು ಮನೆಗೆ ಕಾಗದ ತೋರಿಸಿದ್ದೇನೆ, ಕರಿ ರದ್ದು.

ಕುತ್ತಿಯೂ ಸಿಕ್ಕಿತು. ಈಗ ಹೊಸ ಪ್ರಶ್ನೆ. ಲೇಔಟಿನೊಳಗೆ ಒಂದು ಹುತ್ತ ಉಳಿದಿದೆ. ಅಲ್ಲಿ ಎದ್ದರೆ ತಿನ್ನಬಹುದಾ?

ತೋಟದ ಸೊಸೆ, ವಿರಾಜಪೇಟೆ

ನಾನಾದರೆ ತಿನ್ನುವುದಿಲ್ಲ. ಮನೆ ಕಟ್ಟುವಾಗ ಅಡಿಪಾಯಕ್ಕೆ ಗೆದ್ದಲು ಮದ್ದು ಹಾಕಿರುತ್ತಾರೆ, ಹೆಚ್ಚಾಗಿ ಕ್ಲೋರ್‌ಪೈರಿಫಾಸ್. ತೋಟವಾಗಿದ್ದಾಗ ವರ್ಷ ವರ್ಷ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸಿದ ಮಣ್ಣು, ತಾಮ್ರ ಇರುತ್ತದೆ. ಅಣಬೆ ಮಣ್ಣಲ್ಲಿ ಇರುವುದನ್ನು ಹೀರಿಕೊಳ್ಳುತ್ತದೆ. ರಸ್ತೆ ಬದಿಯದ್ದೂ ಬೇಡ. ಫೋಟೊ ತೆಗೆಯಿರಿ, ಹುತ್ತ ಉಳಿಸಿ, ಸಾಕು. ಹುಳ ಇದ್ದರೆ ಮಾತ್ರ ಅಣಬೆ.

ದೇವರಕಾಡಿನಿಂದ ತರುವ ಯೋಚನೆಯೂ ಬೇಡ. ಅಲ್ಲಿ ಕಡ್ಡಿ ಮುಟ್ಟಬಾರದು ಅಂದ ಮೇಲೆ ಅಣಬೆಯೂ ಸೇರಿತು.

ಜಿಗಣೆ ಪ್ರೂಫ್

ದೇವರಕಾಡಿಗೆ ಹೋಗಿ ಸುಮ್ನೆ ನೋಡಿ ಬರಬಹುದು. 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೊಡಗಿನ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಅಣಬೆಗಳ ಮಟ್ಟಿಗೆ ಹೋಲಿಸಿದ್ದರು. ಲೇಔಟುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ನಾವು ಮಾಡಬಹುದು.

ಬೆಟ್ಟದ ಬುಡದವ, ಮಕ್ಕಂದೂರು ಕಡೆ

ಮನೆ ಪಕ್ಕ ದೊಡ್ಡ ಹಲಸಿನ ಮರ. ಬುಡದಲ್ಲಿ ಗಟ್ಟಿ ಕಂದು ತಟ್ಟೆ ಬಂದಿದೆ, ಮೇಲೆ ವಾರ್ನಿಷ್ ಹಚ್ಚಿದ ಹೊಳಪು, ಅಂಚು ಬಿಳಿ. ಸುತ್ತಲಿನ ಎಲೆಗಳ ಮೇಲೆ ಕೋಕೋ ಪುಡಿ ಬಣ್ಣದ ಧೂಳು. ಮರ ಹಸಿರಾಗೇ ಇದೆ. ಔಷಧಿಗೆ ಬೆಲೆ ಬರುತ್ತದೆ ಅಂತ ಒಬ್ಬರು ಕೇಳಿದರು, ಮಾರಲಾ?

ಹುತ್ತದ ಹುಳ, ಗೋಣಿಕೊಪ್ಪ

ಮಾರುವ ಮಾತು ಆಮೇಲೆ. ಮೊದಲು ಆ ಮರದಡಿ ಕಾರು ನಿಲ್ಲಿಸುವುದನ್ನು ಬಿಡಿ.

ಇದು ಗ್ಯಾನೊಡರ್ಮಾ. ಅಡಿಕೆ, ತೆಂಗಿನ ಅಣಬೆ ರೋಗ ಗೊತ್ತಲ್ಲ, ಅದೇ ಕುಲದ್ದು. ಬೇರು ಮತ್ತು ಬುಡದ ತಿರುಳನ್ನು ಕೊಳೆಸುತ್ತದೆ. ಮರ ಮೇಲೆ ಹಸಿರಾಗಿರುತ್ತದೆ, ಏಕೆಂದರೆ ನೀರು ಸಾಗುವುದು ಹೊರಗಿನ ಪದರದಲ್ಲಿ. ನಿಲ್ಲಿಸುವ ಶಕ್ತಿ ಮಾತ್ರ ಒಳಗೆ ಕಡಿಮೆ ಆಗುತ್ತಾ ಬರುತ್ತದೆ. ಜುಲೈ ಗಾಳಿಗೆ, ಮಣ್ಣು ನೆನೆದು ಮೆತ್ತಗಾದಾಗ, ಎಲೆ ತುಂಬಿದ ಮರವೇ ಬುಡ ಸಮೇತ ಬೀಳುವುದು. ತಟ್ಟೆ ಕಿತ್ತು ಹಾಕಿದರೆ ರೋಗ ಹೋಗುವುದಿಲ್ಲ. ಗುರುತು ಹೋಗುತ್ತದೆ ಅಷ್ಟೆ.

ಬುಡವನ್ನು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಟೊಳ್ಳು ಸದ್ದು ಎಲ್ಲಿಂದ ಎಲ್ಲಿವರೆಗೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮನೆ, ಕರೆಂಟು ಲೈನು, ಶಾಲೆ ದಾರಿ, ಯಾವ ಕಡೆ ವಾಲಿದೆ ನೋಡಿ. ಆಮೇಲೆ ಅರಣ್ಯ ಇಲಾಖೆಗೆ ಬರೆದು ಕೊಡಿ, ಫೋಟೊ ಸಮೇತ. ಒಣ ಕೊಂಬೆಯ ಮೇಲೆ ಬರುವ ಮೆತ್ತಗಿನ ಕಿವಿ ಅಣಬೆ, ಸೀಳು ಗೆರೆಯದು ಕಂಡರೆ ಇಷ್ಟು ಗಾಬರಿ ಬೇಡ. ಅವು ಸತ್ತ ಕೊಂಬೆ ತಿನ್ನುವವು. ಬುಡದಲ್ಲಿ ಬಂದ ಗಟ್ಟಿ ತಟ್ಟೆಯೇ ಚಿಂತೆಯದ್ದು.

ಬೆಟ್ಟದ ಬುಡದವ, ಮಕ್ಕಂದೂರು ಕಡೆ

ತಟ್ಟಿ ನೋಡಿದೆ. ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡೆಯ ಅರ್ಧ ಟೊಳ್ಳು. ನಾಳೆ ಅರ್ಜಿ ಕೊಡುತ್ತೇನೆ. ಕಾರು ಈಗಲೇ ತೆಗೆದೆ.

ಲೈನ್‌ಮನೆ ರೈಟರ್, ಸಿದ್ದಾಪುರ

ರಾತ್ರಿ ತೋಟದಲ್ಲಿ ಲಡ್ಡು (ಕೊಳೆತ) ಮರ ಹಸಿರು ಬೆಳಕು ಬಿಡುವುದನ್ನು ಯಾರಾದರೂ ಫೋಟೊ ತೆಗೆದಿದ್ದೀರಾ?

ಜಿಗಣೆ ಪ್ರೂಫ್

ತೆಗೆಯಬಹುದು. ಟಾರ್ಚು, ಮೊಬೈಲು ಆರಿಸಿ ಹತ್ತು ನಿಮಿಷ ಕತ್ತಲಲ್ಲಿ ನಿಲ್ಲಿ, ಆಮೇಲೆ ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಶಟರ್ 30 ಸೆಕೆಂಡು. ಶಿಲೀಂಧ್ರದೊಳಗಿನ ಲೂಸಿಫೆರಿನ್ ಅನ್ನುವ ರಾಸಾಯನಿಕ ಆಮ್ಲಜನಕದ ಜೊತೆ ಸೇರಿ ಬರುವ ಬೆಳಕು, ಬಿಸಿ ಇರುವುದಿಲ್ಲ. ಆನೆ ಓಡಾಡುವ ಕಡೆ ಈ ಸಾಹಸ ಬೇಡ.

ಸೋಮವಾರಪೇಟೆ ಕುಂಡ

ಆಂಥೂರಿಯಂ ಕುಂಡದಲ್ಲಿ ನಿಂಬೆ ಹಳದಿ ಬಣ್ಣದ ಪುಟ್ಟ ಅಣಬೆ ಬಂದಿದೆ. ಗಿಡ ಸಾಯುತ್ತದಾ? ಮಣ್ಣು ಬದಲಿಸಬೇಕಾ?

ಕುಶಾಲನಗರ ಕ್ರಾಸ್

ಲ್ಯೂಕೊಕೊಪ್ರಿನಸ್ ಬರ್ನ್‌ಬಾಮಿ. ಕುಂಡಗಳಲ್ಲೇ ಹೆಚ್ಚು ಕಾಣುವ ಜಾತಿ. ಗಿಡಕ್ಕೆ ಏನೂ ಮಾಡುವುದಿಲ್ಲ, ಗೊಬ್ಬರದಲ್ಲಿನ ಸತ್ತ ಎಲೆ ನಾರು ತಿಂದುಕೊಂಡು ಇರುತ್ತದೆ. ಮಣ್ಣು ಬದಲಿಸಿದರೂ ಮತ್ತೆ ಬರಬಹುದು. ತಿನ್ನುವಂಥದ್ದಲ್ಲ, ಬೆಕ್ಕು ಅಥವಾ ಚಿಕ್ಕ ಮಗು ಇದ್ದರೆ ಕುಂಡ ಎತ್ತರಕ್ಕೆ ಇಡಿ. ಇಲ್ಲದಿದ್ದರೆ ಹಾಗೇ ಬಿಡಿ. ಮತ್ತೆ ಫೋಟೊ ಹಾಕುವಾಗ ಅಡಿಯಿಂದಲೂ ಒಂದು ತೆಗೆದು ಹಾಕಿ.